ವ್ಯವಸ್ಥಾ ಕಡತಗಳ ರಕ್ಷಣೆ (ಯುನಿಕ್ಸ್)

ವ್ಯವಸ್ಥಾ ಕಡತಗಳ ರಕ್ಷಣೆ ಎಂಬುದು ಯುನಿಕ್ಸ್ ಮಾದರಿಯ ಕಾರ್ಯಾಚರಣಾ ವ್ಯವಸ್ಥೆಯು ಚಾಲನೆಯಲ್ಲಿರುವಾಗ ಅದರ ಕರ್ನಲ್, ಆಜ್ಞೆಗಳು, ಲೈಬ್ರರಿಗಳು, ಸಂರಚನಾ ಕಡತಗಳು ಹಾಗೂ ಲಾಗ್ ಕಡತಗಳನ್ನು ಯಾರೂ ತಿದ್ದದಂತೆ ಕಾಯುವ ವಿಧಾನಗಳ ಸಮೂಹ. ಬಿಎಸ್‌ಡಿ, ಲಿನಕ್ಸ್ ಮತ್ತು ಮ್ಯಾಕ್‌ಓಎಸ್‌ಗಳಲ್ಲಿ ಇದಕ್ಕೆ ಬೇರೆ ಬೇರೆ ಏರ್ಪಾಡುಗಳಿವೆ.

ಹಿನ್ನೆಲೆ

ಯುನಿಕ್ಸ್‌ನಲ್ಲಿ ಪ್ರತಿ ಕಡತಕ್ಕೂ ಒಡೆಯ, ಗುಂಪು ಮತ್ತು ಇತರರು ಎಂಬ ಮೂರು ವರ್ಗಗಳಿಗೆ ಓದುವ, ಬರೆಯುವ ಹಾಗೂ ಚಲಾಯಿಸುವ ಅನುಮತಿಗಳನ್ನು ನಿಗದಿಪಡಿಸಲಾಗುತ್ತದೆ. ಸಾಮಾನ್ಯ ಬಳಕೆದಾರರನ್ನು ತಡೆಯಲು ಇವು ಸಾಕು. ಆದರೆ ರೂಟ್ ಎಂಬ ಸರ್ವಾಧಿಕಾರಿ ಖಾತೆಗೆ ಈ ಅನುಮತಿಗಳು ಅಡ್ಡಿಯಾಗುವುದಿಲ್ಲ. ರೂಟ್ ಅಧಿಕಾರವನ್ನು ಕಸಿದುಕೊಂಡ ದಾಳಿಕೋರರು ಕಡತಗಳ ಪಟ್ಟಿ ತೋರಿಸುವ ಅಥವಾ ಲಾಗಿನ್ ಮಾಡಿಸುವ ಆಜ್ಞೆಗಳನ್ನೇ ಬದಲಿಸಿ ತಮ್ಮ ಇರುವನ್ನು ಮರೆಮಾಚಬಲ್ಲರು. ಇಂಥ ತಂತ್ರಾಂಶಗಳ ಕಟ್ಟಿಗೆ ರೂಟ್‌ಕಿಟ್ ಎಂದು ಹೆಸರು. ಆದ್ದರಿಂದ ರೂಟ್ ಕೂಡ ಸಡಿಲಿಸಲಾರದ ನಿರ್ಬಂಧವನ್ನು ಕರ್ನಲ್ ಸ್ವತಃ ಜಾರಿಗೊಳಿಸಬೇಕಾಗುತ್ತದೆ.

ಬಿಎಸ್‌ಡಿಯ ಭದ್ರತಾ ಮಟ್ಟ

4.4ಬಿಎಸ್‌ಡಿಯಲ್ಲಿ ಸೆಕ್ಯೂರ್‌ಲೆವೆಲ್ ಎಂಬ ಭದ್ರತಾ ಮಟ್ಟವನ್ನು ಅಳವಡಿಸಲಾಯಿತು. ಚಾಲನೆಯಲ್ಲಿರುವ ವ್ಯವಸ್ಥೆಯಲ್ಲಿ ರೂಟ್ ಬಳಕೆದಾರರು ಈ ಮಟ್ಟವನ್ನು ಏರಿಸಬಹುದು, ಇಳಿಸಲಾಗದು. ಮಟ್ಟ 1ರಲ್ಲಿ, ಕಡತಗಳಿಗೆ ಹಾಕಿದ ‘ಬದಲಿಸಲಾಗದ’ ಮತ್ತು ‘ಕೊನೆಗೆ ಮಾತ್ರ ಸೇರಿಸಬಹುದಾದ’ ಎಂಬ ವ್ಯವಸ್ಥಾ ಗುರುತುಗಳನ್ನು ತೆಗೆಯಲು ಸಾಧ್ಯವಿಲ್ಲ. ಎರಡನೆಯ ಗುರುತು ಲಾಗ್ ಕಡತಗಳಿಗೆ ಉಪಯುಕ್ತ: ಹೊಸ ದಾಖಲೆ ಸೇರುತ್ತದೆ, ಹಳೆಯದು ಅಳಿಯುವುದಿಲ್ಲ. ಓಪನ್‌ಬಿಎಸ್‌ಡಿಯು ಬಹುಬಳಕೆದಾರ ಸ್ಥಿತಿಯಲ್ಲಿ ಪೂರ್ವನಿಯೋಜಿತವಾಗಿ ಮಟ್ಟ 1ರಲ್ಲಿ ನಡೆಯುತ್ತದೆ.

ಉದಾಹರಣೆಗೆ, ದಾವಣಗೆರೆಯ ಕಾಲೇಜೊಂದರಲ್ಲಿ ಓಪನ್‌ಬಿಎಸ್‌ಡಿ ಸರ್ವರ್ ಇದ್ದು, ನಿರ್ವಾಹಕರು ಸುಮಾರು 14 ಕಿ.ಮೀ. ದೂರದ ಹರಿಹರದಿಂದ ಜಾಲದ ಮೂಲಕ ಅದನ್ನು ನೋಡಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಬಹುದು. ಲಾಗಿನ್ ಆಜ್ಞೆಗೆ ‘ಬದಲಿಸಲಾಗದ’ ಗುರುತು ಹಾಕಿದ್ದರೆ, ರೂಟ್ ಗುಪ್ತಪದ ಕದ್ದವರೂ ಅದನ್ನು ನೇರವಾಗಿ ಬದಲಿಸಲಾರರು. ಆದರೆ ಅದೇ ಆಜ್ಞೆಯನ್ನು ಪರಿಷ್ಕರಿಸಬೇಕಾದಾಗ ನಿರ್ವಾಹಕರೂ ದಾವಣಗೆರೆಗೆ ಹೋಗಿ, ಯಂತ್ರದ ಮುಂದೆ ಕುಳಿತು, ಏಕಬಳಕೆದಾರ ಸ್ಥಿತಿಯಲ್ಲಿ ಅದನ್ನು ಮರುಚಾಲನೆಗೊಳಿಸಬೇಕಾಗುತ್ತದೆ. ಈ ಅನಾನುಕೂಲವೇ ರಕ್ಷಣೆಯ ಬೆಲೆ.

ಲಿನಕ್ಸ್ ಮತ್ತು ಮ್ಯಾಕ್‌ಓಎಸ್

ಲಿನಕ್ಸ್‌ನಲ್ಲಿ ಚಾಟರ್ ಆಜ್ಞೆಯಿಂದ ಇಂಥದ್ದೇ ಗುರುತುಗಳನ್ನು ಹಾಕಬಹುದು. ಆದರೆ ಸಂಬಂಧಿತ ಕರ್ನಲ್ ಸಾಮರ್ಥ್ಯವನ್ನು ಹಿಂತೆಗೆದುಕೊಳ್ಳದಿದ್ದರೆ ರೂಟ್ ಅವನ್ನು ತೆಗೆಯಬಲ್ಲದು. ಆದ್ದರಿಂದ ಇವು ಆಕಸ್ಮಿಕ ಅಳಿಸುವಿಕೆಯನ್ನು ತಡೆಯುವಷ್ಟು ಖಚಿತವಾಗಿ ದಾಳಿಯನ್ನು ತಡೆಯುವುದಿಲ್ಲ. ಡಿಎಂ-ವೆರಿಟಿ ಎಂಬ ಏರ್ಪಾಡು ಡಿಸ್ಕಿನ ಪ್ರತಿ ಖಂಡವನ್ನು ಓದುವಾಗಲೂ ಅದರ ಹ್ಯಾಶ್ ಮೌಲ್ಯವನ್ನು ತಾಳೆ ನೋಡುತ್ತದೆ. ಆಂಡ್ರಾಯ್ಡ್ ಇದನ್ನು ಬಳಸುತ್ತದೆ. 2019ರ ಲಿನಕ್ಸ್ 5.4ರಲ್ಲಿ ಕರ್ನಲ್‌ಗೆ ರೂಟ್ ಕೈಹಾಕುವ ದಾರಿಗಳನ್ನು ಮುಚ್ಚುವ ‘ಲಾಕ್‌ಡೌನ್’ ಸೌಲಭ್ಯ ಸೇರಿತು. ಆಪಲ್ ಸಂಸ್ಥೆಯು 2015ರಲ್ಲಿ ಎಲ್ ಕ್ಯಾಪಿಟನ್ ಆವೃತ್ತಿಯೊಂದಿಗೆ ‘ಸಿಸ್ಟಮ್ ಇಂಟೆಗ್ರಿಟಿ ಪ್ರೊಟೆಕ್ಷನ್’ ಅನ್ನು ಪರಿಚಯಿಸಿತು.

ಬದಲಾವಣೆಯ ಪತ್ತೆ

ತಡೆಯುವುದು ಸಾಧ್ಯವಾಗದಿದ್ದಲ್ಲಿ ಬದಲಾವಣೆಯನ್ನು ಪತ್ತೆಹಚ್ಚುವುದು ಇನ್ನೊಂದು ಮಾರ್ಗ. 1992ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೀನ್ ಕಿಮ್ ಮತ್ತು ಯೂಜೀನ್ ಸ್ಪ್ಯಾಫರ್ಡ್ ರೂಪಿಸಿದ ಟ್ರಿಪ್‌ವೈರ್ ಕಡತಗಳ ಹ್ಯಾಶ್ ಮೌಲ್ಯಗಳನ್ನು ದಾಖಲಿಸಿಟ್ಟು, ನಂತರ ಹೋಲಿಸುತ್ತದೆ. ಆ ದಾಖಲೆಯನ್ನು ಅದೇ ಯಂತ್ರದಲ್ಲಿ ತಿದ್ದಲು ಬರುವಂತೆ ಇಟ್ಟರೆ ದಾಳಿಕೋರರು ಅದನ್ನೂ ಬದಲಿಸಬಹುದು. ಆದ್ದರಿಂದ ಅದನ್ನು ಓದಲು ಮಾತ್ರ ಬರುವ ಮಾಧ್ಯಮದಲ್ಲಿ ಅಥವಾ ಬೇರೊಂದು ಯಂತ್ರದಲ್ಲಿ ಇಡುವುದು ಸೂಕ್ತ.

ಮಿತಿಗಳು

ಯಂತ್ರ ಆರಂಭವಾಗುವಾಗ ಭದ್ರತಾ ಮಟ್ಟ ಏರುವುದಕ್ಕೆ ಮೊದಲೇ ಕೆಲವು ಕಡತಗಳು ಚಲಿಸುತ್ತವೆ. ಅವುಗಳಲ್ಲಿ ಒಂದಕ್ಕೆ ರಕ್ಷಣೆ ತಪ್ಪಿದರೂ ದಾಳಿಕೋರರು ಅದನ್ನು ತಿದ್ದಿ, ಯಂತ್ರವನ್ನು ಮರುಚಾಲನೆಗೊಳಿಸಿ ಉಳಿದೆಲ್ಲ ಕಾವಲನ್ನು ದಾಟಬಹುದು. ಯಂತ್ರವೇ ಕೈಗೆ ಸಿಕ್ಕವರನ್ನು ಈ ಗುರುತುಗಳು ತಡೆಯುವುದಿಲ್ಲ. ಅಂಕಪಟ್ಟಿಯಂತಹ, ದಿನವೂ ಬದಲಾಗಬೇಕಾದ ದತ್ತಾಂಶವನ್ನು ಹೀಗೆ ಬೀಗ ಹಾಕಿಡಲಾಗದು. ಅದರ ರಕ್ಷಣೆಗೆ ಬೇರೆಡೆ ಇರಿಸಿದ ಬ್ಯಾಕಪ್ ಪ್ರತಿ ಮತ್ತು ಅಳಿಸಲಾಗದ ಲಾಗ್ ಎರಡೂ ಅಗತ್ಯ.