ಕಾಲು ಚಾಚಲೂ ಕಾಸು

ಹೆಬ್ಬಾಳ ದಾಟಿ ಯಲಹಂಕದ ಕಡೆಗೆ ಸಾಗುವಾಗ ಬಲಕ್ಕೆ ಜಕ್ಕೂರಿನ ವಿಮಾನ ನೆಲೆ ಸಿಗುತ್ತದೆ. ದೇವನಹಳ್ಳಿಗೆ ಧಾವಿಸುವ ನಾವು ಅದರತ್ತ ತಿರುಗಿ ನೋಡುವುದು ಕಡಿಮೆ. ಆದರೆ ವಿಮಾನದಲ್ಲಿ ಕಾಲು ಚಾಚಿ ಕೂರಲಿಕ್ಕೂ ಪ್ರತ್ಯೇಕ ಹಣ ತೆರಬೇಕಾದ ಇಂದಿನ ಪದ್ಧತಿಯ ಕಥೆಯನ್ನು ನಮ್ಮ ನಾಡಿನ ಮಟ್ಟಿಗೆ ಅಲ್ಲಿಂದಲೇ ಆರಂಭಿಸಬೇಕು.

ಸೈನ್ಯ ಬಿಟ್ಟು ಹಾಸನ ಜಿಲ್ಲೆಯಲ್ಲಿ ಬೇಸಾಯ ಮಾಡಿದ್ದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 1997ರಲ್ಲಿ ಜಕ್ಕೂರಿನಿಂದ ಬಾಡಿಗೆ ಹೆಲಿಕಾಪ್ಟರ್ ಸೇವೆ ಶುರು ಮಾಡಿದರು. 2003ರ ಆಗಸ್ಟ್‌ನಲ್ಲಿ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹಾರಿತು. ಅದುವರೆಗೆ ವಿಮಾನದ ಟಿಕೆಟ್ಟಿನಲ್ಲಿ ಊಟ, ಚಹಾ, ಗೊತ್ತಾದ ಆಸನ ಎಲ್ಲವೂ ಸೇರಿರುತ್ತಿದ್ದವು. ಗೋಪಿನಾಥ್ ಅವನ್ನೆಲ್ಲ ಕಳಚಿ ಬರಿಯ ಪ್ರಯಾಣವನ್ನು ಮಾರಿದರು. ಆಸನಕ್ಕೆ ಸಂಖ್ಯೆಯಿಲ್ಲ, ಮೊದಲು ಹತ್ತಿದವನು ಮೊದಲು ಕೂರಬೇಕು. ತಿಂಡಿ ಬೇಕಿದ್ದರೆ ದುಡ್ಡು ಕೊಡಬೇಕು. ಮೇಲ್ದರ್ಜೆಯನ್ನೇ ತೆಗೆದು ಏರ್‌ಬಸ್ 320 ವಿಮಾನದಲ್ಲಿ 180 ಆಸನಗಳನ್ನು ಜೋಡಿಸಲಾಯಿತು. ಕೆಲವು ಟಿಕೆಟ್ಟುಗಳು ತೆರಿಗೆ ಹೊರತುಪಡಿಸಿ 1 ರೂಪಾಯಿಗೂ ಮಾರಾಟವಾದವು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನೇ ಅದರ ಗುರುತಾದನು. ವಿಮಾನವನ್ನು ನೆಲದಿಂದಷ್ಟೇ ನೋಡಿದ್ದ ಅನೇಕರು ಅದರೊಳಗೆ ಕುಳಿತರು. ಈ ಉಪಕಾರವನ್ನು ಮರೆಯುವಂತಿಲ್ಲ.

2007ರಲ್ಲಿ ವಿಜಯ್ ಮಲ್ಯರ ಸಮೂಹ ಅದರಲ್ಲಿ ಪಾಲು ಕೊಂಡಿತು. 2008ರಲ್ಲಿ ಹೆಸರು ಕಿಂಗ್‌ಫಿಷರ್ ರೆಡ್ ಎಂದಾಯಿತು. 2012ರಲ್ಲಿ ಕಿಂಗ್‌ಫಿಷರ್‌ನ ಹಾರಾಟವೇ ನಿಂತಿತು. ಕಂಪೆನಿ ಅಳಿದರೂ ಆ ಲೆಕ್ಕಾಚಾರ ಉಳಿಯಿತು. 2013ರಲ್ಲಿ ಕೇಂದ್ರ ಸರಕಾರವು ಇಷ್ಟದ ಆಸನ, ಊಟ ಮುಂತಾದವುಗಳಿಗೆ ಬೇರೆಯೇ ಶುಲ್ಕ ಪಡೆಯಲು ಕಂಪೆನಿಗಳಿಗೆ ಅನುಮತಿ ನೀಡಿತು. ಇಂದು ಮುಂದಿನ ಸಾಲು, ಕಿಟಕಿಯ ಪಕ್ಕ, ಕಾಲಿಗೆ ಹೆಚ್ಚು ಜಾಗ ಒಂದೊಂದಕ್ಕೂ ಒಂದೊಂದು ದರವಿದೆ.

ಹಣವಿದ್ದವನಿಗೆ ಹೆಚ್ಚು ಸುಖ ಎಂಬುದು ಹೊಸ ಮಾತೇನಲ್ಲ. 1990ರ ದಶಕದ ನಡುವಿನವರೆಗೂ ಮುಂಬಯಿಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಹಜ್ ಹಡಗುಗಳಲ್ಲೂ ಕೋಣೆಯವರು ಬೇರೆ, ಡೆಕ್ಕಿನವರು ಬೇರೆ ಇದ್ದರು. ಆದರೆ ಹಡಗೇರುವ ಮೊದಲೇ ತನ್ನ ಹಣಕ್ಕೆ ಏನು ಸಿಗುತ್ತದೆಂದು ಪ್ರಯಾಣಿಕನಿಗೆ ತಿಳಿದಿರುತ್ತಿತ್ತು. ಈಗ ಕಡಿಮೆ ದರ ಕಂಡು ಟಿಕೆಟ್ ಕೊಳ್ಳಲು ಹೊರಟವನಿಗೆ, ಹಣ ಪಾವತಿಸುವ ಹೊತ್ತಿಗೆ ಒಂದೊಂದಾಗಿ ಶುಲ್ಕಗಳು ಎದುರಾಗುತ್ತವೆ.

ಐಷಾರಾಮವನ್ನು ಮಾರುವುದರಲ್ಲಿ ನಮಗೆ ತಕರಾರಿಲ್ಲ. ಅಗತ್ಯವನ್ನೇ ಐಷಾರಾಮವೆಂದು ಮಾರಿದರೆ ಅದು ಅನ್ಯಾಯ. ತಾಯಿಯ ಪಕ್ಕದಲ್ಲಿ ಕೂರುವುದು ಮಗುವಿಗೆ ಐಷಾರಾಮವೇ? 12 ವರ್ಷದವರೆಗಿನ ಮಕ್ಕಳಿಗೆ ಅದೇ ಟಿಕೆಟ್ಟಿನಲ್ಲಿರುವ ಹೆತ್ತವರಲ್ಲಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಯಾದರೂ ಆಸನ ನೀಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಏಪ್ರಿಲ್‌ನಲ್ಲಿ ಸೂಚಿಸಬೇಕಾಯಿತು. ಇಷ್ಟು ಸಹಜವಾದ ಮಾತಿಗೂ ಸುತ್ತೋಲೆ ಬೇಕಾಯಿತೆಂಬುದೇ ವಿಷಾದದ ಸಂಗತಿ. ಮಂಡಿನೋವಿನ ಹಿರಿಯರ ಬಗ್ಗೆಯೂ ಇದೇ ಪ್ರಶ್ನೆ ಕೇಳಬೇಕಾಗಿದೆ. ಕಾಲು ಚಾಚಲು ಜಾಗವಿರುವ ತುರ್ತು ಬಾಗಿಲಿನ ಸಾಲಿನಲ್ಲಿ ಅವರನ್ನು ಸುರಕ್ಷತೆಯ ಕಾರಣಕ್ಕೆ ಕೂರಿಸುವುದಿಲ್ಲ. ಉಳಿದದ್ದು ಮುಂದಿನ ಸಾಲು. ಅದಕ್ಕೂ ಹೆಚ್ಚು ಹಣ.

ಜಕ್ಕೂರಿಗೆ ಹತ್ತಿರದಲ್ಲೇ, ಹೆಗಡೆನಗರದ ಕಡೆ ಹಜ್ ಭವನವಿದೆ. ಹಜ್ ಕಾಲದಲ್ಲಿ ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಹೊರಡುವ ಯಾತ್ರಿಕರಲ್ಲಿ ವರ್ತಕನೂ ಇರುತ್ತಾನೆ, ಕೂಲಿಕಾರನೂ ಇರುತ್ತಾನೆ. ಇಹ್ರಾಮಿನ ಎರಡು ತುಂಡು ಬಿಳಿ ಬಟ್ಟೆಯಲ್ಲಿ ಯಾರು ಯಾರೆಂದು ಗುರುತಿಸಲಾಗದು. ಎಲ್ಲ ಪ್ರಯಾಣವೂ ಹಾಗಿರಲೆಂದು ನಾವು ಬಯಸಲಾರೆವು. ಶ್ರೀಸಾಮಾನ್ಯನಿಗಾಗಿ ತೆರೆದ ಬಾಗಿಲಿನೊಳಗೆ ಅವನು ಮರ್ಯಾದೆಯಿಂದ ಕೂರುವಷ್ಟು ಜಾಗವಾದರೂ ಟಿಕೆಟ್ಟಿನಲ್ಲೇ ಸೇರಿರಲಿ ಎಂಬುದಷ್ಟೇ ನಮ್ಮ ಬೇಡಿಕೆ.