ಮನೆಯಲ್ಲೇ ಮಾಡಿದ ಹಳೆಯ ಪೆಡಲ್ ಸ್ಟೀಲ್ ಗಿಟಾರ್: ಉಜ್ಜಿ ಪಾಲಿಶ್ ಹಾಕಿದರೆ ಬೆಲೆ ಹೆಚ್ಚುತ್ತದೆಯೇ?

ತುಕ್ಕು ಹಿಡಿದ ಹಳೆಯ ವಸ್ತುವನ್ನು ಐದೇ ನಿಮಿಷದಲ್ಲಿ ಫಳಫಳ ಹೊಳೆಯಿಸುವ ವಿಡಿಯೋಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಹಳೆಯ ವಾದ್ಯಗಳಿಗೆ ಈ ಉಪಾಯ ಬಹುತೇಕ ನಷ್ಟದ ದಾರಿ. ಕಂಪನಿ ಮಾಡಿದ ವಾದ್ಯ ಕೆಟ್ಟರೆ ಅದೇ ಮಾದರಿಯ ಇನ್ನೊಂದನ್ನು ಹುಡುಕಬಹುದು. ಯಾರೋ ಮನೆಯಲ್ಲಿ ಕೈಯಾರೆ ಮಾಡಿದ್ದಕ್ಕೆ ಜೋಡಿಯೇ ಇರುವುದಿಲ್ಲ. ಅಮೆರಿಕದ ಪೆಡಲ್ ಸ್ಟೀಲ್ ಗಿಟಾರ್ ಇದಕ್ಕೆ ಒಳ್ಳೆಯ ಉದಾಹರಣೆ.

ಏನಿದು ವಾದ್ಯ?

ಇದು ನಮಗೆ ಪರಿಚಿತವಾದ ಹವಾಯಿಯನ್ ಗಿಟಾರ್‌ನ ವಂಶದ್ದು. ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುತ್ತಾರೆ. ಮೇಜಿನಂತೆ ಕಾಲುಗಳ ಮೇಲೆ ನಿಲ್ಲುವ ಇದರ ಕೆಳಗೆ ಪೆಡಲ್‌ಗಳಿರುತ್ತವೆ. ಒತ್ತಿದರೆ ಆಯ್ದ ತಂತಿ ಮಾತ್ರ ಬಿಗಿಯಾಗಿ ಸ್ವರ ಏರುತ್ತದೆ. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸ್ ಅವರ 'ಸ್ಲೋಲಿ' ಹಾಡಿನಲ್ಲಿ ಬಡ್ ಐಸಾಕ್ಸ್, ತಂತಿ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿ ಸ್ವರವನ್ನು ಜಾರಿಸಿದರು. ಆ ನಾದಕ್ಕೆ ಮರುಳಾದ ಅನೇಕ ವಾದಕರು ತಮ್ಮ ಗಿಟಾರ್‌ಗೆ ತಾವೇ ಪೆಡಲ್ ಜೋಡಿಸಿಕೊಂಡರು.

ಗುರುತಿಸುವುದು ಹೇಗೆ?

ಹೆಸರಿನ ಫಲಕವನ್ನೊಂದೇ ನಂಬಬೇಡಿ. ಮನೆಯಲ್ಲಿ ಮಾಡಿದ ವಾದ್ಯಕ್ಕೂ ಕಂಪನಿಯ ಪಿಕಪ್, ಕಂಪನಿಯ ಬಿರಡೆ ಹಾಕಿರಬಹುದು. ವಾದ್ಯವನ್ನು ಮಗುಚಿ ಹೊಟ್ಟೆಯ ಕಡೆ ನೋಡಿ.

• ಕಾರ್ಖಾನೆಯದಾದರೆ ಒಂದೇ ಅಚ್ಚಿನ ಭಾಗಗಳು ಸಾಲಾಗಿ ಕಾಣುತ್ತವೆ. ಮನೆಯದಾದರೆ ಗರಗಸ, ಅರದ ಗುರುತು, ಅಂತರ ತಪ್ಪಿದ ರಂಧ್ರ, ಸಾಮಾನ್ಯ ಅಂಗಡಿಯ ಬೋಲ್ಟು ಕಾಣಬಹುದು.

• ವಾಲ್ಯೂಮ್ ಅಥವಾ ಟೋನ್ ಕಂಟ್ರೋಲ್ ಇದ್ದರೆ ಅದರ ಮೇಲಿನ ಸಂಖ್ಯೆ ಓದಿ. ಉದಾಹರಣೆಗೆ 1376633: 137 ಎಂದರೆ ತಯಾರಕರಾದ ಸಿಟಿಎಸ್, 66 ಎಂದರೆ 1966, 33 ಎಂದರೆ ಆ ವರ್ಷದ 33ನೇ ವಾರ. ಇದು ಆ ಬಿಡಿಭಾಗದ ವಯಸ್ಸು, ಇಡೀ ವಾದ್ಯದ್ದಲ್ಲ. ಬೆಸುಗೆ ಹಳೆಯದೇ ಆಗಿದ್ದರೆ ಸುಳಿವು ಗಟ್ಟಿಯಾಗುತ್ತದೆ.

• ಮರದ ಒಳಭಾಗದಲ್ಲಿ ಪೆನ್ಸಿಲ್ ಗೆರೆ, ಅಳತೆ, ಹೆಸರು, ತಾರೀಖು ಹುಡುಕಿ. ಮಾಡಿದವರ ಸಹಿ ಉಳಿದಿದ್ದರೆ ಅಲ್ಲೇ. ಮರಳು ಕಾಗದ ಮೊದಲು ಅಳಿಸುವುದೂ ಅದನ್ನೇ.

ದುರಸ್ತಿ ಹೇಗೆ?

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಯಾವ ಸರಳು ಯಾವ ತಂತಿಗೆ ಹೋಗುತ್ತದೆ ಎಂದು ಚೀಟಿ ಕಟ್ಟಿ. ಈ ವಾದ್ಯಕ್ಕೆ ಬೇರೆ ನಕ್ಷೆಯಿಲ್ಲ.

ಧೂಳನ್ನು ಒಣ ಬ್ರಶ್‌ನಿಂದ ತೆಗೆಯಿರಿ. ಥಿನ್ನರ್, ಸ್ಪಿರಿಟ್ ಬೇಡ. ಹಳೆಯ ಲ್ಯಾಕರ್ ಅದರಲ್ಲಿ ಕರಗಿಬಿಡುತ್ತದೆ. ಗಟ್ಟಿಯಾದ ಗ್ರೀಸ್ ತೆಗೆದು, ತಿರುಗುವ ಜಾಗಕ್ಕೆ ಮಾತ್ರ ಒಂದೊಂದು ಹನಿ ತೆಳು ಎಣ್ಣೆ ಬಿಡಿ. ಸ್ಪ್ರೇ ಹೊಡೆದರೆ ಎಣ್ಣೆ ಮರಕ್ಕೂ ಪಿಕಪ್‌ಗೂ ಇಳಿಯುತ್ತದೆ.

ಪಿಕಪ್ ಎಂದರೆ ಅಯಸ್ಕಾಂತ ಮತ್ತು ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮಲ್ಟಿಮೀಟರ್ ಸಾವಿರಾರು ಓಮ್ ತೋರಿಸಿದರೆ ಸುರುಳಿ ತುಂಡಾಗಿಲ್ಲ ಎಂದರ್ಥ. ಏನೂ ತೋರದಿದ್ದರೆ ಎಲ್ಲೋ ತಂತಿ ಹರಿದಿದೆ. ಎಸೆಯಬೇಡಿ, ಅದನ್ನೇ ಮತ್ತೆ ಸುತ್ತಿಸಬಹುದು.

ಹೊಸ ತಂತಿ ಹಾಕುವ ಮುನ್ನ ಬಿರುಕು, ಸಡಿಲ ಅಂಟು ಪರೀಕ್ಷಿಸಿ. ಸ್ವರದ ಆವರ್ತನ ಎರಡರಷ್ಟಾಗಲು ತಂತಿಯ ಬಿಗಿತ ನಾಲ್ಕರಷ್ಟಾಗಬೇಕು. ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಏರಿಸಲು ಆವರ್ತನ ಸುಮಾರು ಶೇ. 12 ಹೆಚ್ಚಬೇಕು, ಬಿಗಿತ ಸುಮಾರು ಶೇ. 26. ಪೆಡಲ್ ಒತ್ತಿದಾಗಲೆಲ್ಲ ಈ ಹೆಚ್ಚುವರಿ ಎಳೆತವನ್ನು ಮರ ತಡೆಯಬೇಕು. ಆಗ ಉಳಿದ ತಂತಿಗಳ ಸ್ವರ ಕೊಂಚ ಇಳಿದರೆ, ಮರ ಬಾಗುತ್ತಿದೆ ಎಂದರ್ಥ. ಇದು ಕಂಪನಿ ವಾದ್ಯಗಳಲ್ಲೂ ಸ್ವಲ್ಪ ಇರುತ್ತದೆ. ತುಂಬಾ ಇಳಿದರೆ ಮಾತ್ರ ಕೀಲು, ಸ್ಕ್ರೂ ನೋಡಿಸಿ.

ಎಚ್ಚರಿಕೆ: ಜೊತೆಗೆ ಹಳೆಯ ವಾಲ್ವ್ ಆಂಪ್ಲಿಫೈಯರ್ ಸಿಕ್ಕರೆ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು. ತಿಳಿದವರಿಗೇ ಕೊಡಿ.

ಕೊನೆಗೆ

ನಾವು ಹೇಳುವುದಿಷ್ಟೇ: ಮುಂದೆ ಬೇಕಾದರೆ ಹಿಂದಕ್ಕೆ ತಿರುಗಿಸಬಹುದಾದ ಕೆಲಸವನ್ನು ಮಾತ್ರ ಮಾಡಿ, ತೆಗೆದ ಪ್ರತಿ ಭಾಗವನ್ನೂ ಚೀಲದಲ್ಲಿ ಹಾಕಿ ವಾದ್ಯದ ಜೊತೆಗೇ ಇಡಿ. ನಿಮ್ಮ ಅಟ್ಟದ ಮೇಲಿರುವ ಅಜ್ಜನ ಹಾರ್ಮೋನಿಯಂಗೂ ಇದೇ ಮಾತು. ಮುಂದಿನ ಸಲ ಹೊಳಪಿನ ವಿಡಿಯೋ ಬಂದಾಗ, ಫಾರ್ವರ್ಡ್ ಮಾಡುವ ಮೊದಲು ಆ ಹೊಳಪಿನಡಿ ಏನು ಅಳಿಸಿಹೋಯಿತು ಎಂದು ಒಮ್ಮೆ ಯೋಚಿಸಿ.