ಇಡೀ, ಪೂರ್ತಿ, ಅಖಂಡ
ಸಕಲೇಶಪುರ, ಆಲೂರಿನ ಕಾಫಿ ಕಣಗಳಲ್ಲಿ 'ಇಡೀ' ಎಂಬ ಮಾತಿಗೆ ಖಚಿತವಾದ ಕೆಲಸವಿದೆ. ಇಡೀ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಚೆರ್ರಿ. ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಇಲ್ಲಿ 'ಇಡೀ' ಜಾಗಕ್ಕೆ 'ಪೂರ್ತಿ' ಬಂದರೆ ಅರ್ಥ ಜಾರುತ್ತದೆ. 'ಪೂರ್ತಿ ಹಣ್ಣಾಗಿದೆ' ಎಂದರೆ ಗಿಡದ ಮೇಲೆ ಮಾಗುವುದು ಮುಗಿದಿದೆ, ಕುಯ್ಲಿಗೆ ಆಳು ಕರೆಯಬಹುದು ಎಂದು.

'ಪೂರ್ತಿ' ಸಂಸ್ಕೃತದ್ದು, 'ಪೂರ್ಣ'ದ ಒಡಹುಟ್ಟು. ತುಂಬುವುದು ಅದರ ಮೂಲಾರ್ಥ. ಹಾಗಾಗಿ ಅದರೊಳಗೆ ಕೊರತೆ ನೀಗಿತು, ಕೆಲಸ ಕೊನೆಮುಟ್ಟಿತು ಎಂಬ ಭಾವ ಸದಾ ಇದೆ. 'ಇಡಿ' ಅಚ್ಚಗನ್ನಡ. ಅದರ ಎದುರುಜೋಡಿ 'ಬಿಡಿ'. ಒಡೆಯದ, ಬಿಡಿಸದ ವಸ್ತು ಇಡಿ: ಸಾರಿಗೆ ಪುಡಿ ಮಾಡದೆ ಹಾಕಿದ ಕಾಳುಮೆಣಸು ಇಡೀ ಮೆಣಸೇ ಹೊರತು ಪೂರ್ತಿ ಮೆಣಸಲ್ಲ.

'ಅಖಂಡ'ಕ್ಕೆ ತುಂಡಾಗುವ ಭಯದ ನೆನಪಿದೆ. ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಾಗ ಏಕೀಕರಣದ ಹೋರಾಟಗಾರರು ಕೇಳಿದ್ದು ಅಖಂಡ ಕರ್ನಾಟಕವನ್ನು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. 'ಇಡೀ ಕರ್ನಾಟಕ' ಎಂದಿದ್ದರೆ ಆ ಕಾವು ಬರುತ್ತಿರಲಿಲ್ಲ.

'ಎಲ್ಲ' ಮಾತ್ರ ಬಿಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ. ಜುಲೈನಲ್ಲಿ ಬಿಸಿಲೆ ಘಾಟಿಯ ಕಡೆ 'ಇಡೀ ದಿನ ಮಳೆ' ಎಂದರೆ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲ. 'ಎಲ್ಲ ದಿನವೂ ಮಳೆ' ಎಂದರೆ ನಡುವೆ ಒಂದಿಷ್ಟು ಹೊತ್ತು ಹೊಳವಾಗಿದ್ದಿರಬಹುದು. ಈ ವ್ಯತ್ಯಾಸ ಬಿಟ್ಟು ಎಲ್ಲಕ್ಕೂ 'ಸಂಪೂರ್ಣ' ಎಂದು ಬರೆಯುವ ಈಚಿನ ರೂಢಿ ನನಗೆ ಒಪ್ಪಿಗೆಯಿಲ್ಲ.